ಗಣಿ ಬರುವ ಮುನ್ನ ನೀರಿನ ಲೆಕ್ಕ

(ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ಸೀಮೆಯ ರೈತರು, ಶಿಕ್ಷಕರು ಹಾಗೂ ಕಾರ್ಯಕರ್ತರನ್ನು ಉದ್ದೇಶಿಸಿದ ಉಪನ್ಯಾಸದ ಪಾಠ)



ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟುವ ವರದಾ ನದಿ ಬನವಾಸಿಯನ್ನು ಬಳಸಿಕೊಂಡು ಹಾನಗಲ್ಲ ಸೀಮೆಗೆ ಇಳಿಯುತ್ತದೆ. ಉತ್ತರ ಕನ್ನಡದ ಕಾಡಿನ ಅಂಚಿನಿಂದ ಬರುವ ಧರ್ಮಾ ನದಿ ಅದನ್ನು ಕೂಡಿಕೊಳ್ಳುತ್ತದೆ. ಮುಂದೆ ಸವಣೂರು ಮತ್ತು ಹಾವೇರಿ ತಾಲ್ಲೂಕುಗಳ ನೆಲವನ್ನು ತೋಯಿಸಿ ಗಳಗನಾಥದಲ್ಲಿ ವರದೆಯು ತುಂಗಭದ್ರೆಯನ್ನು ಸೇರುತ್ತದೆ. ಹುಂಚದ ಬೆಟ್ಟಗಳಿಂದ ಹೊರಟ ಕುಮುದ್ವತಿ ಶಿಕಾರಿಪುರದ ಅಂಜನಾಪುರ ಜಲಾಶಯವನ್ನು ತುಂಬಿ, ಹಿರೇಕೆರೂರು ಮತ್ತು ರಟ್ಟೀಹಳ್ಳಿಯ ಭಾಗವನ್ನು ಹಾದು, ರಾಣೇಬೆನ್ನೂರು ತಾಲ್ಲೂಕಿನಲ್ಲಿ ಅದೇ ತುಂಗಭದ್ರೆಗೆ ಕೂಡುತ್ತದೆ. ಮಲೆನಾಡಿನ ನೀರು ಬಯಲಿನ ಬದುಕಾಗುವುದು ಈ ದಾರಿಗಳಲ್ಲಿ. ಆದ್ದರಿಂದ ಮೇಲಿನವರ ಚಿಂತೆ ಬೇರೆ, ಕೆಳಗಿನವರ ಚಿಂತೆ ಬೇರೆ ಎಂದು ವಿಂಗಡಿಸಲು ಬರುವುದಿಲ್ಲ.

ಇಂದಿನ ವಿಷಯ ನೆಲದಡಿಯ ಗಣಿ ಮತ್ತು ಅದರ ಸುತ್ತಲಿನ ನೀರಿನ ಕಾವಲು. ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿಯಿಲ್ಲ. ಹೀಗಿರುವಾಗ ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳಿಗೆ ಈ ವಿಷಯ ಏಕೆ ಬೇಕೆಂದು ಯಾರಾದರೂ ಕೇಳಬಹುದು. ಅದಕ್ಕೆ ಎರಡು ಉತ್ತರಗಳಿವೆ. ಮೊದಲನೆಯದು, ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರಕ್ಕೆ ತೆಲಂಗಾಣದ ಸಿಂಗರೇಣಿಯ ಕಲ್ಲಿದ್ದಲೂ ಬರುತ್ತದೆ. ಇಲ್ಲಿ ದೀಪ ಉರಿಯುವುದಕ್ಕಾಗಿ ಅಲ್ಲಿ ನೆಲ ಬಗೆಯಲಾಗಿದೆ. ಎರಡನೆಯದು ಇನ್ನೂ ಹತ್ತಿರದ ಸಂಗತಿ. ಹಾವೇರಿ ತಾಲ್ಲೂಕಿನ ಗಣಜೂರಿನಲ್ಲಿ ಚಿನ್ನದ ನಿಕ್ಷೇಪವಿದೆ. ಕಲ್ಲಿದ್ದಲ ಗಣಿಯ ನೀರನ್ನು ಕೆಡಿಸುವ ಗಂಧಕಯುಕ್ತ ಖನಿಜಗಳು ಗಣಜೂರಿನ ಚಿನ್ನದ ಶಿಲೆಯಲ್ಲಿಯೂ ಇವೆ. ಹೀಗಾಗಿ ಒಂದರ ಕಾವಲನ್ನು ಕಲಿತವರಿಗೆ ಇನ್ನೊಂದರ ಕಾವಲು ಕಷ್ಟವಾಗುವುದಿಲ್ಲ.

ನೆಲದಡಿಯ ಗಣಿ ನೀರನ್ನು ಕೆಡಿಸುವ ಬಗೆ

ಕಲ್ಲಿದ್ದಲ ಪದರಗಳಲ್ಲಿಯೂ ಅವುಗಳನ್ನು ಸುತ್ತುವರಿದ ಶಿಲೆಗಳಲ್ಲಿಯೂ ಪೈರೈಟ್ ಎಂಬ ಖನಿಜವಿರುತ್ತದೆ. ಇದು ಕಬ್ಬಿಣ ಮತ್ತು ಗಂಧಕದ ಸಂಯುಕ್ತ. ಭೂಗರ್ಭದಲ್ಲಿ ಗಾಳಿಯ ಸಂಪರ್ಕವಿಲ್ಲದೆ ಇರುವವರೆಗೆ ಇದು ಯಾರಿಗೂ ಕೇಡು ಮಾಡುವುದಿಲ್ಲ. ಸುರಂಗ ಕೊರೆದಾಗ ಗಾಳಿಯೂ ನೀರೂ ಅದನ್ನು ಮುಟ್ಟುತ್ತವೆ. ಆಗ ಗಂಧಕವು ಸಲ್ಫೇಟ್ ಆಗಿ, ನೀರು ಆಮ್ಲವಾಗಿ, ಕಬ್ಬಿಣ ಕರಗಿ ಹರಿಯತೊಡಗುತ್ತದೆ. ಕೆಲವು ಸೂಕ್ಷ್ಮಾಣುಜೀವಿಗಳು ಈ ಕ್ರಿಯೆಯನ್ನು ಬಹಳ ಚುರುಕುಗೊಳಿಸುತ್ತವೆ. ಆಮ್ಲನೀರು ಮುಂದೆ ಸಾಗುತ್ತ ಶಿಲೆಯಲ್ಲಿರುವ ಮ್ಯಾಂಗನೀಸ್, ಅಲ್ಯುಮಿನಿಯಂ, ಸತು ಮೊದಲಾದ ಲೋಹಗಳನ್ನೂ ಕರಗಿಸಿಕೊಳ್ಳುತ್ತದೆ. ಹಳ್ಳದ ಕಲ್ಲುಗಳ ಮೇಲೆ ಕಾವಿ ಬಣ್ಣದ ಲೇಪ ಕಾಣಿಸಿಕೊಂಡರೆ ಕರಗಿದ್ದ ಕಬ್ಬಿಣ ಹೊರಗಿನ ಗಾಳಿಗೆ ಮತ್ತೆ ಘನವಾಗುತ್ತಿದೆ ಎಂದು ತಿಳಿಯಬಹುದು.

ಆಮ್ಲದ ಅಳತೆಗೆ ಪಿಎಚ್ ಎಂದು ಹೆಸರು. 7 ಎಂಬುದು ಸಮಸ್ಥಿತಿ. ಕುಡಿಯುವ ನೀರಿಗೆ ಭಾರತೀಯ ಮಾನಕವು 6.5ರಿಂದ 8.5ರವರೆಗಿನ ಮಿತಿಯನ್ನು ಹೇಳುತ್ತದೆ. ಈ ಅಳತೆಯಲ್ಲಿ ಒಂದು ಅಂಕಿ ಇಳಿದರೆ ಆಮ್ಲತೆ ಹತ್ತು ಪಟ್ಟು ಏರಿದಂತೆ. 7ರಿಂದ 4ಕ್ಕೆ ಇಳಿದರೆ ಸಾವಿರ ಪಟ್ಟು ಏರಿದಂತೆ. ಅಂಥ ನೀರಿನಲ್ಲಿ ಮೀನು ಬದುಕುವುದು ಕಷ್ಟ.

ನೆಲದಡಿಯ ಗಣಿಗೆ ಇನ್ನೊಂದು ಗುಣವಿದೆ. ಅದು ಅಂತರ್ಜಲ ಮಟ್ಟಕ್ಕಿಂತ ಕೆಳಗೆ ಇಳಿಯುವುದರಿಂದ ಕೆಲಸ ನಡೆಯುವಷ್ಟು ಕಾಲವೂ ಪಂಪಿನಿಂದ ನೀರನ್ನು ಹೊರಹಾಕುತ್ತಲೇ ಇರಬೇಕಾಗುತ್ತದೆ. ಇದರಿಂದ ಸುತ್ತಲಿನ ಬಾವಿಗಳ ಮಟ್ಟ ಕುಸಿಯಬಹುದು; ಹೊರಹಾಕಿದ ನೀರು ಹಳ್ಳಕ್ಕೆ ಸೇರುತ್ತದೆ. ಗಣಿ ಮುಚ್ಚಿ ಪಂಪು ನಿಂತಾಗ ನೀರು ಮೆಲ್ಲನೆ ಮೇಲೇರುತ್ತದೆ. ಸುರಂಗದ ಗೋಡೆಗಳ ಮೇಲೆ ವರ್ಷಗಟ್ಟಲೆ ಕೂಡಿಟ್ಟ ಲವಣಗಳನ್ನೆಲ್ಲ ಕರಗಿಸಿಕೊಂಡು ಒಂದು ದಿನ ಅದು ಹೊರಬರುತ್ತದೆ. ಅಂದರೆ ಗಣಿಯ ನೀರು ಹೆಚ್ಚು ಕೆಡುವುದು ಹಲವೆಡೆ ಗಣಿ ನಡೆಯುವಾಗಲ್ಲ, ಅದು ಮುಚ್ಚಿದ ಮೇಲೆ. ಕಾವಲುಗಾರರೆಲ್ಲ ಮನೆಗೆ ಹೋದ ಮೇಲೆ.

ಮೂರು ಕಡೆಯ ಅನುಭವ

ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ವ್ಹೀಲ್ ಜೇನ್ ಎಂಬ ತವರದ ಗಣಿ 1991ರಲ್ಲಿ ಮುಚ್ಚಿತು; ಪಂಪುಗಳು ನಿಂತವು. 1992ರ ಜನವರಿಯಲ್ಲಿ ಸುರಂಗದೊಳಗೆ ಕಟ್ಟಿಕೊಂಡಿದ್ದ ಆಮ್ಲನೀರು ತಡೆಯನ್ನು ಒಡೆದು ನದಿಗೆ ನುಗ್ಗಿತು. ಕಬ್ಬಿಣ, ಸತು, ಕ್ಯಾಡ್ಮಿಯಂ ತುಂಬಿದ ಆ ನೀರಿನಿಂದ ಫಾಲ್ ನದೀಮುಖದವರೆಗೆ ಕಿತ್ತಳೆ ಬಣ್ಣ ಹರಡಿತು. ನಿಯಮಗಳು ಬಿಗಿಯಾಗಿರುವ ದೇಶದಲ್ಲೇ ಇದು ನಡೆಯಿತು.

ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಇಲಿಬಿಲದಂಥ ಕಿರಿದಾದ ಸುರಂಗಗಳಿಂದ ಕಲ್ಲಿದ್ದಲು ತೆಗೆಯುತ್ತಿದ್ದರು. ಅಲ್ಲಿಯ ಲುಖಾ ನದಿ 2007ರ ಸುಮಾರಿನಿಂದ ಚಳಿಗಾಲದಲ್ಲಿ ನೀಲಿ ಬಣ್ಣಕ್ಕೆ ತಿರುಗತೊಡಗಿತು, ಮೀನುಗಳು ಸತ್ತವು. 2014ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಅಂಥ ಗಣಿಗಾರಿಕೆಯನ್ನು ನಿಷೇಧಿಸಿತು. ಆದರೆ ಬೆಟ್ಟದೊಳಗೆ ತೆರೆದುಬಿಟ್ಟ ಬಿಲಗಳು ಆದೇಶದಿಂದ ಮುಚ್ಚಿಕೊಳ್ಳುವುದಿಲ್ಲ. ಅವುಗಳಿಂದ ಆಮ್ಲನೀರು ಜಿನುಗುತ್ತಲೇ ಇರುತ್ತದೆ.

ಮೂರನೆಯದು ಕರ್ನಾಟಕದ್ದೇ. ಯಾದಗಿರಿ ಜಿಲ್ಲೆಯ ಮಂಗಳೂರು ಎಂಬ ಗ್ರಾಮದ ಚಿನ್ನದ ಗಣಿ 1994ರಲ್ಲಿ ಮುಚ್ಚಿತು. ಆ ಶಿಲಾಪಟ್ಟಿಯ ಕಿರದಳ್ಳಿ ತಾಂಡಾದಲ್ಲಿ ಜನರ ಅಂಗೈ, ಅಂಗಾಲು ಮತ್ತು ಮೈಚರ್ಮದ ಮೇಲೆ ಗಂಟು ಮತ್ತು ಕಲೆಗಳು ಕಾಣಿಸಿಕೊಂಡವು. ಅವರು ಕುಡಿಯುತ್ತಿದ್ದ ಅಂತರ್ಜಲದಲ್ಲಿ ಆರ್ಸೆನಿಕ್ ಇತ್ತು. ಹಳ್ಳಿಯವರು ಶಂಖಪಾಷಾಣವೆಂದು ಕರೆಯುವ ವಿಷದ ಮೂಲಧಾತು ಇದೇ. ದೀಪಂಕರ ಚಕ್ರವರ್ತಿ ಮತ್ತು ಅವರ ಸಂಗಡಿಗರು ಈ ಸಂಗತಿಯನ್ನು 2013ರಲ್ಲಿ ಪ್ರಕಟಿಸಿದರು. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಒಂದು ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಕಾಯಿಸಿದರೂ ಹೋಗುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸುಣ್ಣದ ಅಂಶವಿರುವ ಶಿಲೆಗಳು ಆಮ್ಲವನ್ನು ತಣಿಸುತ್ತವೆ. ಆಗ ನೀರಿನ ಪಿಎಚ್ 7ರ ಆಸುಪಾಸಿನಲ್ಲಿಯೇ ಇರುತ್ತದೆ. ಆದರೆ ಆರ್ಸೆನಿಕ್ ಆಮ್ಲವಲ್ಲದ ನೀರಿನಲ್ಲಿಯೂ ಕರಗಿ ಉಳಿಯಬಲ್ಲದು. ಪಿಎಚ್ ಸರಿಯಿದೆ, ನೀರು ತಿಳಿಯಾಗಿದೆ, ಆದ್ದರಿಂದ ಚಿಂತೆಯಿಲ್ಲ ಎಂಬ ಮಾತು ಕಲ್ಲಿದ್ದಲ ಗಣಿಯ ಬಳಿ ಅರ್ಧ ಸತ್ಯವಾದರೆ ಚಿನ್ನದ ಗಣಿಯ ಬಳಿ ಅಪಾಯಕಾರಿಯಾಗುತ್ತದೆ.

ಗಣಜೂರಿನ ಪ್ರಶ್ನೆ

ಗಣಜೂರು, ಕರಜಗಿ ಪರಿಸರದ ಚಿನ್ನದ ಶಿಲೆಯಲ್ಲಿ ಪೈರೈಟ್ ಮತ್ತು ಆರ್ಸೆನೋಪೈರೈಟ್ ಇವೆಯೆಂದು ಭೂವಿಜ್ಞಾನಿಗಳು ದಾಖಲಿಸಿದ್ದಾರೆ. ಎರಡನೆಯ ಖನಿಜದ ಹೆಸರೇ ಹೇಳುವಂತೆ ಅದರಲ್ಲಿ ಕಬ್ಬಿಣ ಮತ್ತು ಗಂಧಕದ ಜೊತೆ ಆರ್ಸೆನಿಕ್ ಕೂಡಿಕೊಂಡಿದೆ. ಡೆಕ್ಕನ್ ಗೋಲ್ಡ್ ಮೈನ್ಸ್ ಕಂಪನಿಯು ಇಲ್ಲಿ ವರ್ಷಗಳ ಕಾಲ ಅನ್ವೇಷಣೆ ನಡೆಸಿ ಗಣಿ ಗುತ್ತಿಗೆಗೆ ಅರ್ಜಿ ಹಾಕಿತ್ತು. 2021ರಲ್ಲಿ ಗಣಿ ಮತ್ತು ಖನಿಜ ಕಾಯಿದೆಗೆ ಆದ ತಿದ್ದುಪಡಿಯು ಅನ್ವೇಷಣೆಯ ಆಧಾರದ ಹಳೆಯ ಹಕ್ಕುಗಳನ್ನು ಕೊನೆಗೊಳಿಸಿ ಇಂಥ ನಿಕ್ಷೇಪಗಳನ್ನು ಹರಾಜಿಗೆ ಇಡುವ ದಾರಿಯನ್ನು ತೆರೆಯಿತು. ಗಣಿ ಮಾಡುವವರ ಹೆಸರು ಬದಲಾಗಬಹುದು. ಶಿಲೆಯೊಳಗಿನ ಖನಿಜ ಬದಲಾಗುವುದಿಲ್ಲ.

ಗಣಜೂರಿನ ಯೋಜನೆ ತೆರೆದ ಗಣಿಯದು, ನೆಲದಡಿಯ ಗಣಿಯದಲ್ಲ. ಆದರೆ ಹಟ್ಟಿಯಲ್ಲಿಯೂ ಕೋಲಾರದಲ್ಲಿಯೂ ಚಿನ್ನ ತೆಗೆದದ್ದು ನೆಲದಡಿಯ ಸುರಂಗಗಳಿಂದ. ಕೋಲಾರದ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. 2001ರ ಫೆಬ್ರವರಿ 28ರಂದು ಅದು ಮುಚ್ಚಿದ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಸಯನೈಡ್ ಬಳಸಿ ಚಿನ್ನ ಬೇರ್ಪಡಿಸಿದ ಪುಡಿಯ ದಿಬ್ಬಗಳು ಊರಿನ ನಡುವೆಯೇ ಉಳಿದವು. ಆದ್ದರಿಂದ ಗಣಿ ತೆರೆದದ್ದೋ ನೆಲದಡಿಯದೋ ಎಂಬ ಭೇದಕ್ಕಿಂತ ಹೆಚ್ಚಾಗಿ ಮೂರು ಸಂಗತಿಗಳನ್ನು ಕೇಳಬೇಕು: ಯಾವ ಶಿಲೆಯನ್ನು ಒಡೆಯಲಾಗುತ್ತದೆ, ಒಡೆದ ಪುಡಿ ಎಲ್ಲಿ ಉಳಿಯುತ್ತದೆ, ಅದನ್ನು ತೊಳೆದ ನೀರು ಯಾವ ಹಳ್ಳಕ್ಕೆ ಇಳಿಯುತ್ತದೆ.

ಕರಜಗಿ ಇರುವುದು ವರದೆಯ ಬದಿಗೆ, ಸವಣೂರಿನ ನೆರೆಯಲ್ಲಿ. ಹಾನಗಲ್ಲ ವರದೆಯ ಮೇಲ್ಭಾಗದಲ್ಲಿದೆ. ಹಿರೇಕೆರೂರು ಬೇರೊಂದು ನದಿಯ, ಅಂದರೆ ಕುಮುದ್ವತಿಯ ಜಾನಪದದಲ್ಲಿ ಬೆಳೆದ ಸೀಮೆ. ಶಿಗ್ಗಾಂವಿಯಲ್ಲಿ ಕೆರೆ ಮತ್ತು ಕೊಳವೆಬಾವಿಗಳ ಆಸರೆ ದೊಡ್ಡದು. ಈ ನಾಲ್ಕು ತಾಲ್ಲೂಕುಗಳು ಒಟ್ಟಾಗಿ ನೀರನ್ನು ಅಳೆದರೆ ಆಗುವ ಲಾಭ ಇಲ್ಲಿಯೇ ಇದೆ: ಮೇಲಿನ ನೀರು, ಬದಿಯ ನೀರು, ಸಂಬಂಧವೇ ಇಲ್ಲದ ಬೇರೆ ಕಣಿವೆಯ ನೀರು, ಈ ಮೂರನ್ನೂ ಹೋಲಿಸಿ ನೋಡಲು ಬರುತ್ತದೆ. ಹೋಲಿಕೆಯಿಲ್ಲದ ಅಂಕಿ ಒಂಟಿ ಸಾಕ್ಷಿಯಂತೆ. ಎದುರು ಪಕ್ಷದವರು ಅದನ್ನು ಸುಲಭವಾಗಿ ತಳ್ಳಿಹಾಕುತ್ತಾರೆ.

ತುಂಗಭದ್ರೆ ಕಲಿಸಿದ್ದು

ಹೋಲಿಕೆಯ ಬಲವನ್ನು ಕುದುರೆಮುಖ ತೋರಿಸಿಕೊಟ್ಟಿದೆ. ಭದ್ರೆಯ ಉಗಮದ ಬಳಿ, ವರ್ಷಕ್ಕೆ 6,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ತೆರೆದ ಗಣಿ ನಡೆಯಿತು. ಅಲ್ಲಿಯ ದೊಡ್ಡ ತೊಂದರೆ ಹೂಳು. ಗಣಿಯ ಪ್ರಭಾವವಿರುವ ಹೊಳೆಯ ನೀರನ್ನೂ ಅದರ ಪ್ರಭಾವವಿಲ್ಲದ ಹೊಳೆಯ ನೀರನ್ನೂ ಮಳೆಗಾಲದಲ್ಲಿ ಅಳೆದು ಹೋಲಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಜಗದೀಶ ಕೃಷ್ಣಸ್ವಾಮಿ, ಉಲ್ಲಾಸ ಕಾರಂತ ಮತ್ತು ಸಂಗಡಿಗರು ಅದನ್ನು ನಡೆಸಿದ್ದರು. ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರ್ 30ರಂದು ನೀಡಿದ ತೀರ್ಪಿನಂತೆ ಆ ಗಣಿಗಾರಿಕೆ 2005ರ ಕೊನೆಗೆ ನಿಂತಿತು.

ಇನ್ನೊಂದು ಪಾಠ ಹಾವೇರಿ ಜಿಲ್ಲೆಯದೇ. 1972ರಲ್ಲಿ ಕುಮಾರಪಟ್ಟಣದ ಬಳಿ ತುಂಗಭದ್ರೆಯ ದಂಡೆಯಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾಯಿತು. ನೀರಿನ ಬಣ್ಣ ಕೆಟ್ಟಿದೆ, ಮೀನು ಸಾಯುತ್ತಿವೆ, ಚರ್ಮರೋಗ ಬರುತ್ತಿದೆ ಎಂದು ಕೆಳಹರಿವಿನ ಗ್ರಾಮಸ್ಥರು 1980ರ ದಶಕದಲ್ಲಿ ದೂರಿದರು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಆ ಹೋರಾಟವನ್ನು ಸಂಘಟಿಸಿತು. ಅದೇ ಕಾರ್ಖಾನೆಯ ಮರದ ಅಗತ್ಯಕ್ಕಾಗಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಗೆ ಸಾಮುದಾಯಿಕ ಭೂಮಿಯನ್ನು ನೀಲಗಿರಿ ನೆಡಲು ಕೊಟ್ಟಾಗ, 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಜನರು ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಸಿದರು. ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಉಪಯೋಗವಾಗುವ ಸಸಿಗಳನ್ನು ಹಚ್ಚಿದರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು.

ನೆಲದ ವಿವಾದದಲ್ಲಿ ಉತಾರೆ, ನಕಾಶೆಗಳಿರುತ್ತವೆ. ಗೋಮಾಳ ಯಾವುದು, ಅದರ ಮೇರೆ ಎಲ್ಲಿ ಎಂಬುದನ್ನು ಕಾಗದ ತೋರಿಸುತ್ತದೆ. ನೀರಿನ ವಿವಾದದಲ್ಲಿ ಅಂಥ ಕಾಗದ ಹಳ್ಳಿಯ ಕೈಯಲ್ಲಿ ಇರುವುದಿಲ್ಲ. ಮೊದಲು ನೀರು ಚೆನ್ನಾಗಿತ್ತು ಎಂಬ ಹಿರಿಯರ ನೆನಪು ನಿಜವೇ ಇರಬಹುದು. ಆದರೆ ಎಷ್ಟು ಚೆನ್ನಾಗಿತ್ತು ಎಂದು ಕೇಳಿದಾಗ ನೆನಪು ಸೋಲುತ್ತದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ಗಾದೆಯೇ ಹೇಳುತ್ತದೆ. ನೀರು ಕೆಟ್ಟ ಮೇಲೆ ಮೊದಲಿನ ನೀರನ್ನು ಅಳೆಯಲು ಯಾವ ಪ್ರಯೋಗಾಲಯಕ್ಕೂ ಸಾಧ್ಯವಿಲ್ಲ.

ಲೆಕ್ಕ ಇಡುವ ವಿಧಾನ

ಈ ಕೆಲಸಕ್ಕೆ ದೊಡ್ಡ ವಿದ್ಯೆಗಿಂತ ನಿಯಮಪಾಲನೆ ಮುಖ್ಯ. ಮೊದಲು ಸ್ಥಳಗಳನ್ನು ಗೊತ್ತುಪಡಿಸಬೇಕು. ನದಿಯಲ್ಲಿ ಸಂಶಯದ ಸ್ಥಳಕ್ಕಿಂತ ಮೇಲೆ ಒಂದು, ಕೆಳಗೆ ಎರಡು; ಕೂಡುವ ಹಳ್ಳದಲ್ಲಿ ಒಂದು; ತೆರೆದ ಬಾವಿ, ಕೊಳವೆಬಾವಿ ಮತ್ತು ಕೆರೆ ತಲಾ ಒಂದಾದರೂ ಇರಬೇಕು. ಹಾನಗಲ್ಲದ ಆನೆಕೆರೆ, ಸವಣೂರಿನ ಮೋತಿ ತಲಾಬ, ಹಿರೇಕೆರೂರಿನ ದುರ್ಗಾದೇವಿ ಕೆರೆ ಇಂಥ ಪಟ್ಟಿಯಲ್ಲಿ ಸಹಜವಾಗಿಯೇ ಬರುತ್ತವೆ. ಒಮ್ಮೆ ಆಯ್ದ ಸ್ಥಳವನ್ನು ಅನುಕೂಲಕ್ಕಾಗಿ ಬದಲಿಸಬಾರದು.

ಎರಡನೆಯದು ಕಾಲ. ಮೇ ತಿಂಗಳ ಕೊನೆಯ ಬತ್ತಿದ ನೀರು, ಜುಲೈ ತಿಂಗಳ ಕೆಂಪು ನೀರು, ಮಳೆ ನಿಂತ ಅಕ್ಟೋಬರ್–ನವೆಂಬರ್, ತಿಳಿಯಾದ ಜನವರಿ, ಹೀಗೆ ವರ್ಷಕ್ಕೆ ನಾಲ್ಕು ಸಲವಾದರೂ ಅಳೆಯಬೇಕು. ಒಂದೇ ಊರಿನ ನೀರು ಋತುವಿನಿಂದ ಋತುವಿಗೆ ಬದಲಾಗುತ್ತದೆ. ಆ ಸಹಜ ಏರಿಳಿತವನ್ನು ಅರಿಯದವರು ಗಣಿಯಿಂದಾದ ಬದಲಾವಣೆಯನ್ನು ಬೇರ್ಪಡಿಸಿ ತೋರಿಸಲಾರರು. ಇದಕ್ಕೆ ಒಂದು ವರ್ಷ ಸಾಲದು. ಮೂರು ವರ್ಷದ ಲೆಕ್ಕವಿದ್ದರೆ ಒಂದು ಬರಗಾಲವೋ ಒಂದು ನೆರೆಯೋ ಅದರಲ್ಲಿ ಸೇರಿಕೊಳ್ಳುವ ಸಂಭವವಿದೆ.

ಮೂರನೆಯದು ಅಳತೆ. ಪಿಎಚ್, ವಿದ್ಯುದ್ವಾಹಕತೆ ಮತ್ತು ಉಷ್ಣತೆಯನ್ನು ಕೈಯಲ್ಲಿ ಹಿಡಿಯುವ ಉಪಕರಣದಿಂದ ಸ್ಥಳದಲ್ಲಿಯೇ ನೋಡಬಹುದು. ವಾಹಕತೆ ಹೆಚ್ಚಿದರೆ ಕರಗಿದ ಲವಣ ಹೆಚ್ಚಿದೆ ಎಂದರ್ಥ; ಗಣಿನೀರಿನ ಮೊದಲ ಸುಳಿವು ಹಲವು ಸಲ ಇಲ್ಲಿಯೇ ಸಿಗುತ್ತದೆ. ಸಲ್ಫೇಟ್, ಕಬ್ಬಿಣ, ಮ್ಯಾಂಗನೀಸ್, ಆರ್ಸೆನಿಕ್‌ಗಳಿಗೆ ಪ್ರಯೋಗಾಲಯ ಬೇಕು. ಕುಡಿಯುವ ನೀರಿನಲ್ಲಿ ಸಲ್ಫೇಟ್ ಲೀಟರಿಗೆ 200 ಮಿಲಿಗ್ರಾಂ ಇರಬಹುದು. ಬೇರೆ ಮೂಲವಿಲ್ಲದಿದ್ದರೆ 400ರವರೆಗೆ ಸಹಿಸಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಬಾವಿಯ ನೀರಿನ ಮಟ್ಟವನ್ನು ಹಗ್ಗ ಮತ್ತು ಟೇಪಿನಿಂದ ಅಳೆದು ಬರೆಯುವುದನ್ನು ಮರೆಯಬಾರದು.

ನಾಲ್ಕನೆಯದು ಮಾದರಿ ತೆಗೆಯುವ ಶಿಸ್ತು. ಕೊಳವೆಬಾವಿಯನ್ನು ಕೆಲವು ನಿಮಿಷ ಹರಿಯಬಿಟ್ಟು, ಪೈಪಿನಲ್ಲಿ ನಿಂತ ನೀರು ಹೋದ ಮೇಲೆ ಬಾಟಲಿ ಹಿಡಿಯಬೇಕು. ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆಯಬೇಕು. ಲೋಹಗಳ ಪರೀಕ್ಷೆಗೆ ಪ್ರಯೋಗಾಲಯದವರೇ ಆಮ್ಲ ಹಾಕಿ ಕೊಡುವ ಬಾಟಲಿಯನ್ನು ಮಾತ್ರ ತೊಳೆಯದೆ ತುಂಬಿಸಬೇಕು. ಸ್ಥಳ, ದಿನ, ವೇಳೆ, ಹಿಂದಿನ ದಿನದ ಮಳೆ, ತೆಗೆದವರ ಸಹಿ ಇವೆಲ್ಲ ಚೀಟಿಯ ಮೇಲೆ ಇರಬೇಕು. ಬರೆದ ವಹಿಯ ಒಂದು ಪ್ರತಿ ಶಾಲೆಯಲ್ಲಿ, ಒಂದು ಗ್ರಾಮ ಪಂಚಾಯಿತಿಯಲ್ಲಿ, ಒಂದು ಊರಿನ ಸಂಘದಲ್ಲಿ ಉಳಿಯಬೇಕು. ಜಲಜೀವನ ಮಿಷನ್ 2019ರಲ್ಲಿ ಆರಂಭವಾದ ಬಳಿಕ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡುವ ಏರ್ಪಾಡಾಯಿತು. ಈ ಕೆಲಸಕ್ಕೆ ಅದೇ ಒಳ್ಳೆಯ ಅಡಿಪಾಯ.

ಗಣಿ ಬಾರದೆಯೇ ಹೋದರೂ ಈ ಶ್ರಮ ವ್ಯರ್ಥವಲ್ಲ. ಗೋವಿನಜೋಳಕ್ಕೂ ಹತ್ತಿಗೂ ಸುರಿದ ಗೊಬ್ಬರದ ನೈಟ್ರೇಟ್ ಬಾವಿಗೆ ಇಳಿಯುತ್ತದೆ. ಅದು ಲೀಟರಿಗೆ 45 ಮಿಲಿಗ್ರಾಂ ಮೀರಿದರೆ ಹಸುಗೂಸುಗಳಿಗೆ ಅಪಾಯ. ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ 1.5 ಮಿಲಿಗ್ರಾಂ ಮೀರಿದರೆ ಹಲ್ಲಿಗೂ ಮೂಳೆಗೂ ಕೇಡು. ಗಣಿಗಾಗಿ ಹಿಡಿದ ವಹಿ ಇವುಗಳನ್ನೂ ತೋರಿಸಿಕೊಡುತ್ತದೆ.

ಕಾನೂನಿನ ಜಾಗ ಮತ್ತು ಲೆಕ್ಕದ ಮಿತಿ

2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯು ದೊಡ್ಡ ಗಣಿಗಳಿಗೆ ಸಾರ್ವಜನಿಕ ಆಲಿಕೆಯನ್ನು ಕಡ್ಡಾಯ ಮಾಡಿತು. ಆಲಿಕೆಗೆ 30 ದಿನ ಮುಂಚೆ ಪ್ರಕಟಣೆ ಕೊಡಬೇಕು. ಕರಡು ವರದಿಯು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ ಮೊದಲಾದ ಕಡೆ ನೋಡಲು ಸಿಗಬೇಕು. ಆ ವರದಿಗಳಲ್ಲಿ ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನ ನೀರಿನ ಅಂಕಿಗಳಿರುತ್ತವೆ. ಮಳೆಗಾಲವೇ ನದಿಯನ್ನು ಕಟ್ಟುವ ನಾಡಿಗೆ ಇದು ಸಾಲದೆಂದು ಹೇಳುವವರ ಕೈಯಲ್ಲಿ ಮೂರು ವರ್ಷದ ವಹಿಯಿದ್ದರೆ ಆ ಮಾತಿಗೆ ತೂಕ ಬರುತ್ತದೆ.

ಹಾಗೆಂದು ಹಳ್ಳಿಯ ಬಾಟಲಿ ನ್ಯಾಯಾಲಯದ ಸಾಕ್ಷ್ಯವಾಗುವುದಿಲ್ಲ. 1974ರ ಜಲ ಕಾಯಿದೆಯ 21ನೆಯ ಕಲಮಿನ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯು ಘಟಕದವರಿಗೆ ಸ್ಥಳದಲ್ಲೇ ನೋಟಿಸು ಕೊಟ್ಟು, ಅವರ ಎದುರಿಗೆ ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಸಹಿ ಪಡೆದಾಗ ಮಾತ್ರ ಅದು ಕಾನೂನಿನಲ್ಲಿ ನಿಲ್ಲುತ್ತದೆ. ಊರಿನ ವಹಿ ಆ ಅಧಿಕಾರಿಯನ್ನು ಸರಿಯಾದ ಸ್ಥಳಕ್ಕೆ, ಸರಿಯಾದ ದಿನಕ್ಕೆ ಕರೆತರುವ ಕರೆಯೋಲೆ. ಮಂಡಳಿಯ ಬಳಿಯಿರುವ ಅಂಕಿಗಳನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಪಡೆದು ಊರಿನ ಅಂಕಿಗಳ ಪಕ್ಕದಲ್ಲಿಟ್ಟು ನೋಡಬಹುದು.

ಕೊನೆಯದಾಗಿ ಒಂದು ಕಟು ಮಾತು. ಲೆಕ್ಕವು ಯಾರ ಪಕ್ಷವನ್ನೂ ಹಿಡಿಯುವುದಿಲ್ಲ. ಗಣಿಗೆ ಮೊದಲೇ ಕೆಲವು ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಇದೆಯೆಂದು ಅದು ತೋರಿಸಬಹುದು. ಶಿಲೆಯಲ್ಲಿ ಆರ್ಸೆನಿಕ್ ಇರುವ ಕಡೆ ಅದು ತಾನಾಗಿಯೇ ನೀರಿಗೆ ಇಳಿಯುವುದುಂಟು. ಅಂಥ ಅಂಕಿಯನ್ನು ಚಳವಳಿಗೆ ಅನುಕೂಲವಿಲ್ಲವೆಂದು ಮುಚ್ಚಿಟ್ಟರೆ ವಹಿಯ ಉಳಿದ ಪುಟಗಳನ್ನೂ ಯಾರೂ ನಂಬುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಬಾವಿಯ ನೀರನ್ನು ಕುಡಿಯುತ್ತಿರುವ ಮನೆಗೆ ಅದೇ ದಿನ ಸುದ್ದಿ ಮುಟ್ಟಬೇಕು. ಬೇರೆ ನೀರಿನ ವ್ಯವಸ್ಥೆಗೆ ಪಂಚಾಯಿತಿಯನ್ನು ಒತ್ತಾಯಿಸಬೇಕು. ಮಂಡಳಿಗೂ ನ್ಯಾಯಾಲಯಕ್ಕೂ ಹೋಗುವ ಮೊದಲು ಲೆಕ್ಕ ಸಲ್ಲಬೇಕಾದದ್ದು ಆ ಮನೆಯ ಕೊಡಕ್ಕೆ.

ಬರುವ ಮೇ ತಿಂಗಳ ಕೊನೆಗೆ ಬಾವಿಗಳು ತಳ ಕಾಣುತ್ತವೆ. ನಾಲ್ಕು ತಾಲ್ಲೂಕುಗಳಲ್ಲಿ ತಲಾ ಐದು ಊರುಗಳು ಮುಂದೆ ಬಂದರೂ ಇಪ್ಪತ್ತು ವಹಿಗಳ ಮೊದಲ ಪುಟ ಆಗ ತುಂಬುತ್ತದೆ. ಹಾಕಬೇಕಾದ ಬಂಡವಾಳ ಒಂದು ವಹಿ, ಕೆಲವು ಬಾಟಲಿ, ಒಂದೆರಡು ಉಪಕರಣ ಮತ್ತು ತಪ್ಪದೆ ಹೋಗುವ ಕಾಲುಗಳು. ಇಷ್ಟು ಹೇಳಿ ಈ ಮಾತುಗಳನ್ನು ಮುಗಿಸಲಾಗಿದೆ.